ದೊರೆ ಓದಿದ ಅಧ್ಯಾಯ

ಮೊನ್ನೆ ಅಮ್ಮನ ಹಳೆಯ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದದ್ದು ಅಮ್ಮನಲ್ಲ, ಎದುರುಮನೆಯ ದೊರೆ. ಅಮ್ಮ ಕ್ಷಮಿಸಲಿ.

ತೊಂಬತ್ತರ ದಶಕದಲ್ಲಿ, ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಅವರಿದ್ದದ್ದು ಬಾಡಿಗೆಯ ಎರಡು ಕೋಣೆಯಲ್ಲಿ. ಯಾವುದೋ ಕಾಲದ ಪಾಳೆಯಗಾರರ ವಂಶವಂತೆ. ಕೋಟೆ, ಜಮೀನು ಎಲ್ಲ ಅವರ ತಾತನ ಕಾಲಕ್ಕೇ ಕರಗಿಹೋಗಿ, ಇವರ ಪಾಲಿಗೆ ಉಳಿದದ್ದು ಒಂದು ಜರಿಪೇಟ, ಒಂದಿಷ್ಟು ಹಮ್ಮು. ಪೇಟಕ್ಕೆ ನುಸಿಗುಳಿಗೆ ಹಾಕಿಡುತ್ತಿದ್ದರು. ಹಮ್ಮಿಗೆ ಅದೂ ಬೇಕಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಕಸುಬು ಪುಸ್ತಕ ಬರೆಯುವುದು. ಎಲ್ಲ ಪುಸ್ತಕದಲ್ಲೂ ಅದೇ: ತಮ್ಮ ಹಿರೀಕರು ಎಂಥ ಶೂರರು, ಎಂಥ ದಾನಿಗಳು. ಒಂದು ಪುಸ್ತಕದಲ್ಲಿ ಮುತ್ತಾತ ಹುಲಿ ಕೊಂದರೆ, ಮುಂದಿನದರಲ್ಲಿ ಆ ಹುಲಿ ಎರಡಾಗುತ್ತಿತ್ತು. ಹಾಸನದಲ್ಲಿ ಅಚ್ಚು ಹಾಕಿಸಿ, ಬಸ್ಸಿನಲ್ಲಿ ಕಟ್ಟು ತಂದು, ಪೇಟ ಸುತ್ತಿ ಕೂತು, ಕೇಳುವವರಿಲ್ಲದಿದ್ದರೂ ಓದುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ಬೀದಿಯ ಹೆಂಗಸರ ರವಿಕೆ ಹೊಲಿದುಕೊಡುತ್ತಿದ್ದಳು, ಅದರಿಂದಲೇ ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವಳು ನನ್ನ ಗೆಳತಿ. ಅಪ್ಪಾಜಿ ಬರೀತಿದಾರೆ ಎಂದು ಹೊಲಿಗೆ ಮಿಷನ್ನನ್ನೂ ಸದ್ದಾಗದಂತೆ ತುಳಿಯುವವಳು.

ಅವಳಿಗೊಂದು ಸಂಬಂಧ ಬಂತು. ಹುಡುಗ ಚನ್ನರಾಯಪಟ್ಟಣದಲ್ಲಿ ಮೇಷ್ಟ್ರು. ಮನೆಯವರು ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರು, ಇವರದೇ ಜನ. ಯಾರದೋ ಮದುವೆಯಲ್ಲಿ ಅವಳನ್ನು ನೋಡಿ ಹುಡುಗ ತಾನಾಗಿಯೇ ಕೇಳಿಸಿದ್ದ. ಅವಳಿಗೂ ಒಪ್ಪಿಗೆ. ಒಪ್ಪಿಗೆಯೇನು ಬಂತು, ಕುಣಿಯುವುದೊಂದು ಬಾಕಿ. ಅವಳು ತನಗಾಗಿ ಒಂದು ಒಳ್ಳೆಯ ರವಿಕೆ ಹೊಲಿದುಕೊಂಡದ್ದನ್ನು ನಾನು ಕಂಡದ್ದು ಆಗ ಮಾತ್ರ.

ಹೆಣ್ಣು ನೋಡಲು ಬಂದಾಗ, ಅಪ್ಪ ಕರೆದ ಮೇಲೇ ಹುಡುಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬರಬೇಕು. ಅಡುಗೆಮನೆಯ ಪರದೆಯ ಹಿಂದೆ ಅವಳು ತಯಾರಾಗಿ ನಿಂತಿದ್ದಳು, ಪಕ್ಕದಲ್ಲಿ ನಾನು. ದೊರೆ ಕರೆಯಲಿಲ್ಲ. ನಮ್ಮ ವಂಶ ಎಂಥದ್ದೆಂದು ಮೊದಲು ತಿಳಿದುಕೊಳ್ಳಿ ಎನ್ನುತ್ತಾ ಪುಸ್ತಕ ಬಿಚ್ಚಿದರು. ಶುರುವಾಯಿತು ನೋಡಿ... ಕೋಟೆ, ಕುದುರೆ, ಹುಲಿ. ಆಮೇಲೆ ಮೆರವಣಿಗೆಯ ಅಧ್ಯಾಯ. ದೊರೆಯ ಮೇನೆ ಹೊರುವ ಭಾಗ್ಯ ಯಾವ ಯಾವ ಊರಿನವರದಾಗಿತ್ತೆಂದು ರಾಗವಾಗಿ ಓದುತ್ತಾ, ಬಂದವರ ಊರಿನ ಹೆಸರನ್ನೂ ಓದಿಬಿಟ್ಟರು. ಓದಿ, ತಲೆಯೆತ್ತಿ, ಹುಡುಗನ ಅಪ್ಪನ ಮುಖ ನೋಡಿ ನಕ್ಕರು. ಪುಣ್ಯಾತ್ಮನ ಲೆಕ್ಕದಲ್ಲಿ ಅದು ಬೀಗರಿಗೆ ಮಾಡಿದ ಮರ್ಯಾದೆ.

ಹುಡುಗನ ಅಪ್ಪ ಟವೆಲ್ಲು ಕೊಡವಿ ಎದ್ದರು.

“ನಮ್ ತಾತದೀರು ಒತ್ತಿರ್ಬೋದು ಬುದ್ಧಿ. ನಿಮ್ಮನ್ನ ಒರಾಕೆ ನಮ್ ಕೈಲಾಗಾಕಿಲ್ಲ. ಏಳ್ಲಾ ಮಗ, ಓಗಾನ.”

ಹೋದರು. ದೊರೆ, ಸಂಸ್ಕಾರವಿಲ್ಲದ ಜನ ಎಂದು ಗೊಣಗಿ, ಆ ಕಾಫಿ ಇಲ್ಲಿ ಕೊಡಮ್ಮ ಅಂದರು. ಕುಡಿದರು ಕೂಡ. ಇಂಥವರಿಗೆ ಏನನ್ನಬೇಕು?

ಸುದ್ದಿ ಅರಕಲಗೂಡಿನವರೆಗೂ ಹಬ್ಬಿತು. ಆಮೇಲೆ ಆ ಮನೆಗೆ ಹೆಣ್ಣು ಕೇಳಿಕೊಂಡು ಯಾರೂ ಬರಲಿಲ್ಲ. ದೊರೆ ಇನ್ನೂ ಕೆಲವು ಪುಸ್ತಕ ಬರೆದು, ಎರಡು ಸಾವಿರದ ಇಸವಿಯ ಈಚೆಗೆ ತೀರಿಕೊಂಡರು. ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಈಗಲೂ ಬರುವುದಿಲ್ಲ.

ಮೊನ್ನೆ ಸಂಜೆ ಅವಳಿಗೆ ಫೋನು ಮಾಡಿದೆ. ಅದೇ ಬೀದಿಯಲ್ಲಿ ಒಬ್ಬಳೇ ಇದ್ದಾಳೆ, ಈಗಲೂ ಹೊಲಿಯುತ್ತಾಳೆ. ಅವಳಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಅಂದಳು:

“ಅವರಪ್ಪ ಎದ್ದ ಮೇಲೂ ಅವ್ರು ಒಂದು ಗಳಿಗೆ ಕೂತೇ ಇದ್ರು ಕಣೆ. ಪರದೆ ಕಡೇನೇ ನೋಡ್ತಿದ್ರು. ಅಪ್ಪಾಜಿ ಕರೀದಿದ್ರೆ ಏನಂತೆ... ನಾನೇ ಕಾಫಿ ತಗೊಂಡು ಬಂದ್ಬಿಡಬೇಕಿತ್ತು.”

ಇಷ್ಟು ವರ್ಷವೂ ತಪ್ಪು ತನ್ನದೇ ಅಂದುಕೊಂಡು ಬದುಕಿದ್ದಾಳೆ. ಹಾಳಾದ ಮುದುಕ, ಒಂದು ಜೀವ ತಿಂದು ಹೋದ.