ನಾಲ್ಕು ನಿಮಿಷದ ಹಾಡಿಗೆ ತಂಗಿ ಹೆಣೆದ ಕಥೆ

ಆ ಕ್ಯಾಸೆಟ್ಟನ್ನು ಕಾಪಾಡುವುದು ನನ್ನ ಕೈಯಲ್ಲಿತ್ತು. ನಾನು ಕಾಪಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ತಂಗಿಯ ಬಗ್ಗೆ ಒಳ್ಳೆಯ ಮಾತುಗಳನ್ನೆಲ್ಲ ಬರೆದು, ನನ್ನ ವಿಷಯ ಬರುವ ಹೊತ್ತಿಗೆ ಪೆನ್ನು ಮುಚ್ಚಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ತಂಗಿಯ ಎಡ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ನಿಂತುಕೊಂಡೇ ಹೋಗಬೇಕಾದ ದಿನಗಳೇ ಹೆಚ್ಚು. ಪುಸ್ತಕ ತೆಗೆಯಲು ಜಾಗವಿಲ್ಲದಾಗ ಹೊಳೆದದ್ದನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಮನೆಗೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಬಾಗಿಲಲ್ಲೇ ಕೂತು ಅಂಗೈಯಲ್ಲಿದ್ದದ್ದನ್ನು ಪುಸ್ತಕಕ್ಕೆ ಇಳಿಸಬೇಕು. ಊಟ ಮಾಡುವಾಗ ಅಮ್ಮ ಬೈಯುತ್ತಿದ್ದಳು: "ಆ ಇಂಕು ಹೊಟ್ಟೆಗೋಗಿ ಅಕ್ಷರವೆಲ್ಲ ಒಳ್ಗೇ ಹುಟ್ತವೆ ಕಣೇ." ತಂಗಿ ಹೇಳುವಳು, "ಊಟ ಬಲಗೈಲಿ ತಾನೆ ಮಾಡೋದು, ಬುಡಮ್ಮ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಫೋಟೋ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುವುದರಿಂದ ಶುರು ಮಾಡಿ, ತೊಂಬತ್ತರ ದಶಕದ ಮಧ್ಯಕ್ಕೆ ನನ್ನದೇ ಒಂದು ಸಣ್ಣ ಅಂಗಡಿ ಹಾಕಿದ್ದೆ. ಹೆಗಲ ಮೇಲೆ ಹೊರುವ ದೊಡ್ಡ ವಿಡಿಯೋ ಕ್ಯಾಮೆರಾ ಕೊಂಡಿದ್ದೆ. ಮದುವೆ ತೆಗೆಯುವುದೇ ಕೆಲಸ. ತುಮಕೂರಿಗೆ ಹೋಗಿ ಮಿಕ್ಸಿಂಗ್ ಮಾಡಿಸಿ, ಅರಳುವ ಗುಲಾಬಿಯೊಳಗೆ ಮದುಮಗಳ ಮುಖ ತಿರುಗುವಂತೆ ಮಾಡಿ ಕೊಟ್ಟರೆ ಜನ ಖುಷಿಪಡುತ್ತಿದ್ದರು. ಅಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಅವಳು ಬಿ.ಎ.ಗೆ ಸೇರಿ, ಪತ್ರಿಕೋದ್ಯಮ ಒಂದು ವಿಷಯವಾಗಿ ತೆಗೆದುಕೊಂಡಾಗ, ನಾನೇ ಕಾಲೇಜಿಗೆ ಹೋದಷ್ಟು ಬೀಗಿದ್ದೆ.

ಒಂದು ಭಾನುವಾರ ಅಂಗಡಿಯಲ್ಲಿ ಕೂತು, ನಾನು ತೆಗೆದ ಮದುವೆ ಕ್ಯಾಸೆಟ್ಟುಗಳನ್ನು ಒಂದರ ಹಿಂದೆ ಒಂದು ಹಾಕಿ ನೋಡಿದಳು. ಹೊಗಳುತ್ತಾಳೆಂದು ಕಾದಿದ್ದೆ.

"ಅಣ್ಣ, ಈ ಹುಡುಗಿ ಯಾರು?"

"ಯಾರೋ. ನೆಂಟರ ಪೈಕಿ ಇರ್ಬೇಕು. ಚೆನ್ನಾಗವ್ಳೆ ಅಂತ ತೆಗ್ದಿರ್ತೀನಿ."

"ಅವ್ಳಿಗೆ ಗೊತ್ತಿತ್ತಾ, ನೀನು ತೆಗೀತಿದೀಯ ಅಂತ?"

"ಗೊತ್ತಾದ್ರೆ ಮುಖ ಗಂಟಾಕ್ಕೋತಾರೆ ಕಣೇ. ಗೊತ್ತಿಲ್ದಂಗೆ ತೆಗುದ್ರೇ ಸಹಜವಾಗಿ ಬರೋದು."

ಅವಳು ಪುಸ್ತಕ ತೆಗೆದಳು. ಅವರ ಮೇಡಂ ಹೊಸದಾಗಿ ಪಾಠ ಮಾಡಿದ್ದರಂತೆ: ಚಿತ್ರ ಅಂದಮೇಲೆ ಅದರಲ್ಲಿ ನೋಡುವವನೊಬ್ಬ ಇರುತ್ತಾನೆ, ನೋಡಿಸಿಕೊಳ್ಳುವವಳೊಬ್ಬಳು ಇರುತ್ತಾಳೆ. ಕ್ಯಾಮೆರಾ ಸಾಮಾನ್ಯವಾಗಿ ನೋಡುವವನ ಕಡೆಗೇ ಇರುತ್ತದೆ. "ನಿನ್ನ ಮೂರು ಮದ್ವೆ ನೋಡ್ದೆ. ಗಂಡಸರೆಲ್ಲ ಕ್ಯಾಮೆರಾ ನೋಡ್ಕೊಂಡು ನಗ್ತಾವ್ರೆ. ಹೆಣ್ಮಕ್ಳು ಒಬ್ರೂ ನೋಡ್ತಿಲ್ಲ," ಅಂದಳು. ನನಗೆ ಸಿಟ್ಟು ಬಂತು. "ಓದಿದ್ದು ಹೆಚ್ಚಾಯ್ತು ನಿಂಗೆ," ಎಂದು ಟಿವಿ ಆರಿಸಿದೆ. ಆದರೆ ಮುಂದಿನ ಮದುವೆಯಲ್ಲಿ ಯಾವ ಹುಡುಗಿಯ ಕಡೆಗೆ ಕ್ಯಾಮೆರಾ ತಿರುಗಿಸಿದರೂ ಕೈ ತಡೆಯಿತು. ಅವಳ ಮಾತು ಹಾಗೆ. ಕೇಳಿದಾಗ ಉರಿಯುತ್ತಿತ್ತು, ಆಮೇಲೆ ಬಿಡುತ್ತಿರಲಿಲ್ಲ.

ಕೊನೆಯ ವರ್ಷ ಮೇಡಂ ಒಂದು ಕೆಲಸ ಕೊಟ್ಟರು. ಒಂದು ಹಾಡು ತೆಗೆದುಕೊಂಡು ಅದಕ್ಕೆ ವಿಡಿಯೋ ಮಾಡುವುದಾದರೆ ಕಥೆ ಹೇಗೆ ಹೆಣೆಯುತ್ತೀರಿ ಎಂದು ಬರೆದು ತರಬೇಕು. ಬರೆದರೆ ಸಾಕಿತ್ತು. ತಂಗಿ ತೆಗೆದೇ ತೋರಿಸುತ್ತೇನೆ ಅಂದಳು. ಮೇಡಂ, ಹಾಗೆ ತೆಗೆದು ತಂದರೆ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಮುಂದೆ ಹಾಕಿಸುತ್ತೇನೆ ಎಂದು ಮಾತು ಕೊಟ್ಟರು. ಹಾಡು ಅವಳ ಕ್ಲಾಸಿನ ಹುಡುಗನೊಬ್ಬ ಕಟ್ಟಿ ಹಾಡಿದ್ದು. ನೀನು ಎಲ್ಲಿ ಹೋದರೂ ನಾನು ಹಿಂದೆ ಬರುತ್ತೇನೆ ಎನ್ನುವಂಥ ಪ್ರೀತಿಯ ಹಾಡು. ಕೇಳಲು ಇಂಪಾಗಿತ್ತು.

ಅಮ್ಮನ ಊದುಬತ್ತಿ ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ಅವಳು ನನಗೆ ಕಥೆ ವಿವರಿಸಿದಳು. ಒಂದು ಕಡ್ಡಿಗೆ ಒಂದು ಶಾಟ್.

"ಮೊದ್ಲು ಎಲ್ಲಾ ಸಮ ಇರುತ್ತೆ ಅಣ್ಣ. ಹುಡುಗಿ ಬಸ್ಸಿಗೆ ಕಾಯ್ತಾಳೆ, ಕಾಲೇಜಿಗೆ ಹೋಗ್ತಾಳೆ. ಆಮೇಲೆ ಒಂದು ಸಮ ತಪ್ಪುತ್ತೆ." ಒಂದು ಕಡ್ಡಿಯನ್ನು ಓರೆ ಮಾಡಿದಳು. "ತಪ್ಪಿದೆ ಅಂತ ಯಾರೋ ಗುರ್ತಿಸ್ಬೇಕು. ಅದೇ ಕಷ್ಟ. ಗುರ್ತಿಸಿದ್ಮೇಲೆ ಸರಿ ಮಾಡೋಕೆ ಹೊರಡ್ತಾರೆ. ಕೊನೇಲಿ ಮತ್ತೆ ಸಮ ಆಗುತ್ತೆ. ಆದ್ರೆ ಮೊದ್ಲಿನ ಸಮ ಅಲ್ಲ, ಬೇರೆ."

"ಸಮ ತಪ್ಪೋದು ಅಂದ್ರೆ ಏನಾಗುತ್ತೆ?"

"ಕ್ಯಾಮೆರಾ ಹುಡುಗಿ ಹಿಂದೆ ಹಿಂದೆನೇ ಹೋಗ್ತಿರುತ್ತೆ. ಹಾಡು ಕೇಳೋರಿಗೆ ಅದು ಲವರ್ ಅನ್ಸುತ್ತೆ. ಚೆಂದ ಅನ್ಸುತ್ತೆ. ಮೂರನೇ ಚರಣದಲ್ಲಿ ಹುಡುಗಿ ತಟಕ್ಕನೆ ತಿರುಗಿ ನೋಡ್ತಾಳೆ. ಅವ್ಳ ಮುಖ ನೋಡಿದ್ಮೇಲೆ ಗೊತ್ತಾಗುತ್ತೆ, ಇದು ಪ್ರೀತಿ ಅಲ್ಲ, ಅವ್ಳು ಹೆದ್ರಿಕೊಂಡವ್ಳೆ ಅಂತ. ಹಾಡು ಒಂದು ಹೇಳುತ್ತೆ, ಚಿತ್ರ ಇನ್ನೊಂದು ಹೇಳುತ್ತೆ."

ನನಗೆ ಮೈ ಜುಮ್ಮೆಂದಿತು. ಇವಳಿಗೆ ಇಂಥದ್ದು ಎಲ್ಲಿಂದ ಹೊಳೆಯುತ್ತದೆ ಅಂದುಕೊಂಡೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಹುಡುಗಿಯಾಗಿ ಯಾರು ನಿಲ್ಲುತ್ತಾರೆ ಅಂದದ್ದಕ್ಕೆ, "ಯಾರೂ ಒಪ್ಲಿಲ್ಲ, ನಾನೇ," ಅಂದಳು.

ಮೂರು ದಿನ ಬೆಳಿಗ್ಗೆ ತೆಗೆದೆವು. ಅವಳು ದಿನಾ ಹತ್ತುವ ಬಸ್ಸು, ಅದೇ ಹೊತ್ತು. ಅದನ್ನು ಮಾತ್ರ ಬದಲಿಸಲು ಒಪ್ಪಲಿಲ್ಲ. ನಾನು ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹಿಂದೆ ಹಿಂದೆ ನಡೆದೆ. ಕಂಡಕ್ಟರು, "ಏನಣ್ಣೋ, ಮೆರವಣಿಗೆ ಬಸ್ ಸ್ಟ್ಯಾಂಡಿಗೇ ಬಂದುಬುಡ್ತಾ? ಗಂಡೆಲ್ಲಿ?" ಎಂದು ರೇಗಿಸಿದ. ಮೂರನೆಯ ದಿನ ಗುಬ್ಬಿ ಬಸ್ ನಿಲ್ದಾಣದಲ್ಲಿ ಆ ತಿರುಗಿ ನೋಡುವ ಶಾಟ್. ಅವಳು ತಿರುಗಿದಳು. ಕಣ್ಣು ಲೆನ್ಸಿನ ಮೇಲೆ ನಿಲ್ಲಲಿಲ್ಲ, ಸ್ವಲ್ಪ ಪಕ್ಕಕ್ಕೆ ಹೋಯಿತು. "ಲೆನ್ಸ್ ನೋಡೇ," ಅಂದೆ. ಎರಡನೇ ಸಲವೂ ಹಾಗೇ ಮಾಡಿದಳು. ಅಭ್ಯಾಸವಿಲ್ಲ ಪಾಪ ಅಂದುಕೊಂಡು ಬಿಟ್ಟೆ.

ತೆಗೆದು ಮುಗಿದ ಮೇಲೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿಯುವುದು ನಮ್ಮ ಕಸುಬಿನ ಪದ್ಧತಿ. ಅದನ್ನು ಮುರಿದರೆ ಅದರ ಮೇಲೆ ಯಾರೂ ಬೇರೇನೂ ರೆಕಾರ್ಡ್ ಮಾಡಲಾಗದು. ಒಬ್ಬರ ಮದುವೆಯ ಮೇಲೆ ಇನ್ನೊಬ್ಬರ ನಾಮಕರಣ ಬೀಳಬಾರದೆಂದು ಹೀಗೆ ಮಾಡುತ್ತಿದ್ದೆವು. ತಂಗಿ, ನಾನೇ ಮುರಿಯುತ್ತೇನೆ ಎಂದು ಹೇರ್‌ಪಿನ್ನಿನಿಂದ ಚಕ್ಕನೆ ಎಬ್ಬಿಸಿದಳು. "ಇನ್ನು ಇದು ಭದ್ರ ಅಲ್ವಾ ಅಣ್ಣ?" "ಭದ್ರ," ಅಂದೆ. ಅವಳು ಬಸ್ಸು ಹತ್ತಿ ಕಾಲೇಜಿಗೆ ಹೋದಳು.

ನಾನು ಅಂಗಡಿಗೆ ಬಂದು ಕ್ಯಾಸೆಟ್ ಹಾಕಿ ನೋಡಿದೆ. ಮೊದಲ ದಿನದ ಶಾಟಿನಲ್ಲಿ ಅವಳ ಹಿಂದೆ ಬಾಳೆಹಣ್ಣಿನ ಗಾಡಿಯ ಪಕ್ಕ ಒಬ್ಬ ನಿಂತಿದ್ದ. ಎರಡನೆಯ ದಿನ ತುಮಕೂರಿನ ಬಸ್ ನಿಲ್ದಾಣ. ಅಲ್ಲಿಯೂ ಅದೇ ಮನುಷ್ಯ, ಬಸ್ಸಿನಿಂದ ಇಳಿಯುತ್ತಿದ್ದ. ಕಾಲೇಜಿನ ರಸ್ತೆಯಲ್ಲಿ ಗೋಡೆಗೆ ಒರಗಿದ್ದ. ಕೊನೆಗೆ ಆ ತಿರುಗಿ ನೋಡುವ ಶಾಟ್. ಅಲ್ಲಿ ಅವನಿಲ್ಲವಲ್ಲ ಎಂದು ಸಮಾಧಾನಪಡುವಷ್ಟರಲ್ಲಿ, ತಂಗಿಯ ಹಿಂದೆ ನಿಂತಿದ್ದ ಬಸ್ಸಿನ ಗಾಜು ಕಂಡಿತು. ಗಾಜಿನಲ್ಲಿ ಕ್ಯಾಮೆರಾ ಹೊತ್ತ ನಾನಿದ್ದೆ. ನನ್ನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರದಲ್ಲಿ, ನನ್ನ ಬೆನ್ನ ಹಿಂದೆ, ಅವನು ನಿಂತು ನಗುತ್ತಿದ್ದ. ತಂಗಿ ನೋಡುತ್ತಿದ್ದದ್ದು ಅವನನ್ನು. ಅಷ್ಟು ಹತ್ತಿರ ನಿಂತಿದ್ದರೂ ನನಗೆ ಗೊತ್ತಾಗಿರಲಿಲ್ಲ.

ಆಗ ಎಲ್ಲವೂ ತಿಳಿಯಿತು. ಅವಳಿಗೆ ಇಂಥದ್ದು ಹೊಳೆದದ್ದಲ್ಲ, ದಿನಾ ಆಗುತ್ತಿದ್ದದ್ದು. ಬಾಯಿಬಿಟ್ಟು ಹೇಳಿದರೆ ಕಾಲೇಜು ಬಿಡಿಸುತ್ತೇವೆಂದು ಗೊತ್ತಿದ್ದರಿಂದ, ಪಾಠದಲ್ಲಿ ಕಲಿತ ದಾರಿಯಲ್ಲಿ ಹೇಳಲು ಹೊರಟಿದ್ದಳು. ಇಡೀ ಸಭಾಂಗಣ ಒಟ್ಟಿಗೆ ಅವನ ಮುಖ ನೋಡಲಿ ಎಂದು.

ಅವನು ಯಾರೋ ಆಗಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವನು ಊರಿನ ದೊಡ್ಡ ಮದುವೆ ಛತ್ರದ ಯಜಮಾನರ ಮಗ. ನನಗೆ ಬರುವ ಮದುವೆಗಳಲ್ಲಿ ಮುಕ್ಕಾಲು ಪಾಲು ಆ ಛತ್ರದ್ದು. ಅವರು ಬೇಡ ಅಂದರೆ ಆ ಬಾಗಿಲೊಳಗೆ ಕ್ಯಾಮೆರಾ ಹೋಗುವಂತಿರಲಿಲ್ಲ.

ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಸ್ಟೂಲ್ ಎಳೆದುಕೊಂಡು ಕೂತು, ಮೇಜಿನ ಮೇಲಿದ್ದ ಲೆನ್ಸಿನ ಮುಚ್ಚಳ ತೆಗೆದು ಬೆರಳಲ್ಲಿ ತಿರುಗಿಸುತ್ತಾ ಕೇಳಿದ:

"ಏನ್ಲಾ, ತಂಗಿ ಪಿಚ್ಚರ್ ಮಾಡ್ತಾವ್ಳಂತೆ? ನಾನೂ ಬಿದ್ದಿದೀನಾ ಅದ್ರಲ್ಲಿ?"

"ಜನದ ಮಧ್ಯೆ ಎಲ್ಲೋ..." ಅಂದೆ.

"ನಂಗೆ ಪಿಚ್ಚರ್‌ನಲ್ಲಿ ಬೀಳೋದು ಇಷ್ಟ ಇಲ್ಲ ಕಣೋ. ಮದ್ವೆ ಸೀಸನ್ ಬಂತು. ಅಪ್ಪ ತುಮಕೂರಿಂದ ಯಾರನ್ನೋ ಕರ್ಸೋಣ ಅಂತಿದ್ರು. ಬೇಡ, ನಮ್ಮ ಹುಡುಗನೇ ಅವ್ನೆ ಅಂತ ನಾನೇ ಹೇಳಿದೀನಿ." ಮುಚ್ಚಳವನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದ. ದನಿ ಎತ್ತಿರಲಿಲ್ಲ. ಬೈದಿರಲಿಲ್ಲ.

ನಾನು ಅಂಗಡಿಯ ಶಟರ್ ಅರ್ಧ ಎಳೆದೆ. ತಂಗಿ ಮುರಿದಿದ್ದ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದೆ. ಹಾಗೆ ಮುಚ್ಚಿದರೆ ಕ್ಯಾಸೆಟ್ ಮತ್ತೆ ರೆಕಾರ್ಡ್ ಆಗುತ್ತದೆ. ಕ್ಯಾಮೆರಾಗೆ ಹಾಕಿ, ಲೆನ್ಸಿಗೆ ಮುಚ್ಚಳ ಹಾಕಿ, ಗುಂಡಿ ಒತ್ತಿದೆ. ಮುಕ್ಕಾಲು ಗಂಟೆ ಆ ಕತ್ತಲೆಯನ್ನು ರೆಕಾರ್ಡ್ ಮಾಡುತ್ತಾ ಕೂತಿದ್ದೆ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳೇ ಬಂದಳೇನೋ ಎಂದು ಬಗ್ಗಿ ಶಟರ್ ಕೆಳಗೆ ನೋಡುತ್ತಿದ್ದೆ.

"ಕ್ಯಾಮೆರಾದ ಹೆಡ್ ಕೊಳೆ ಆಗಿತ್ತು ಕಣೇ. ಏನೂ ಬಿದ್ದಿಲ್ಲ," ಎಂದು ಸಂಜೆ ಹೇಳಿದೆ.

ಅವಳು ಕ್ಯಾಸೆಟ್ಟನ್ನು ತೆಗೆದುಕೊಂಡಳು. ತಿರುಗಿಸಿದಳು. ಬೆನ್ನಿನಲ್ಲಿದ್ದ ಸೆಲೋಟೇಪಿನ ಅಂಚನ್ನು ಉಗುರಿನಿಂದ ಒಂದು ಸಲ ಸವರಿದಳು. ಕಿತ್ತು ಹಾಕುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೇಳಿದಳು, "ಹೋಗ್ಲಿ ಬುಡಣ್ಣ. ಕ್ಯಾಸೆಟ್ ತಾನೆ." ನನ್ನ ಮುಖ ನೋಡಲಿಲ್ಲ. ಮರುದಿನ ಮೇಡಂಗೆ ಬರೆದ ಕಥೆಯನ್ನಷ್ಟೇ ಕೊಟ್ಟು, ಕ್ಯಾಮೆರಾ ಕೆಟ್ಟುಹೋಯಿತು ಅಂದಳಂತೆ. ಅಲ್ಲಿಯೂ ನನ್ನ ಮರ್ಯಾದೆ ಕಾಪಾಡಿದಳು.

ಆಮೇಲೆ ಒಂದು ತಿಂಗಳೂ ಆಗಿರಲಿಲ್ಲ. ಬಸ್ಸಿನಲ್ಲಿ ಅವನು ಅವಳ ಕೈ ಹಿಡಿದು ಎಳೆದ. ತುಂಬಿದ ಬಸ್ಸು. ಎಲ್ಲರಿಗೂ ಅವನು ಯಾರೆಂದು ಗೊತ್ತು, ಯಾರೂ ಮಾತಾಡಲಿಲ್ಲ. ಅವಳು ದಾರಿ ಮಧ್ಯದ ಮಲ್ಲಸಂದ್ರದಲ್ಲಿ ಇಳಿದು ಗುಬ್ಬಿಯವರೆಗೆ ನಡೆದು ಬಂದಳು. ಕಾಲಿನ ಹೆಬ್ಬೆರಳು ಒಡೆದಿತ್ತು. ಅಮ್ಮ ಬಿಸಿನೀರು ಕಾಯಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. "ಯಾರು ಅಂತ ಹೇಳೇ," ಎಂದು ಅಮ್ಮ ಅಳುತ್ತಾ ಕೇಳಿದಳು. ತಂಗಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿರುವಾಗ ಕಾಲೇಜು ನಿಂತಿತು. ಮುಂದಿನ ವರ್ಷ ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟೆವು. ಭಾವ ಒಳ್ಳೆಯವರು. ಅದು ನನ್ನ ಪುಣ್ಯವಲ್ಲ.

ಅದೇ ವರ್ಷ ಆ ಯಜಮಾನರ ಮಗನ ಮದುವೆಯ ವಿಡಿಯೋ ತೆಗೆದವನು ನಾನು. ಗುಲಾಬಿಯೊಳಗೆ ಮದುಮಗಳ ಮುಖ ತಿರುಗಿಸಿ ಕೊಟ್ಟೆ. ಆ ಹುಡುಗಿ ಒಂದು ಸಲವೂ ಕ್ಯಾಮೆರಾ ನೋಡಲಿಲ್ಲ.

ತಂಗಿಯ ಮನೆಗೆ ಹೋಗಿ ಬರುತ್ತಿದ್ದೆ. ಅವಳು ಕೇರಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕತೆ ಹೇಳುವಾಗ ನಿಲ್ಲಿಸಿ, "ಈಗ ಸಮ ತಪ್ಪಿದ್ದು ಎಲ್ಲಿ, ಹೇಳ್ರೋ," ಎಂದು ಕೇಳುವುದು ಅಡುಗೆಮನೆಗೂ ಕೇಳಿಸುತ್ತಿತ್ತು. ನಾನು ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ನನ್ನನ್ನು ಕಂಡರೆ ಮೊದಲಿನ ಹಾಗೇ ನಗುತ್ತಿದ್ದಳು, ತಮಾಷೆ ಮಾಡುತ್ತಿದ್ದಳು. ಆದರೆ ಬಸ್ಸು ಹತ್ತುತ್ತಿರಲಿಲ್ಲ. ಗುಬ್ಬಿಗೆ ಬರಬೇಕೆಂದರೆ ಭಾವ ಸ್ಕೂಟರಿನಲ್ಲಿ ಕರೆತರಬೇಕು. ವಾಂತಿ ಬರುತ್ತದೆ ಎಂದು ನೆಪ ಹೇಳುತ್ತಿದ್ದಳು.

ಹತ್ತು ವರ್ಷ ಹೀಗೆ ಕಳೆದ ಮೇಲೆ, ಮನೆಯಲ್ಲೇ ಓದಿ ಬಿ.ಎ. ಮುಗಿಸುತ್ತೇನೆ ಎಂದು ಪರೀಕ್ಷೆ ಫೀಸು ಕಟ್ಟಿದಳು. ಪರೀಕ್ಷೆ ತುಮಕೂರಿನಲ್ಲಿ. ಮೊದಲ ದಿನ ಭಾವನಿಗೆ ಜ್ವರ. ನನಗೆ ಫೋನ್ ಮಾಡಿ, "ಅಣ್ಣ, ಬಸ್ಸಲ್ಲಿ ಜೊತೇಗ್ ಬರ್ತೀಯಾ?" ಅಂದಳು. ಹಿಂದಿನ ದಿನವೇ ಕುಣಿಗಲ್ಲಿಗೆ ಹೋದೆ.

ಬೆಳಗಿನ ಬಸ್ಸು. ಕಿಟಕಿಯ ಪಕ್ಕ ಅವಳು, ಈಚೆಗೆ ನಾನು. ಪುಸ್ತಕ ತೊಡೆಯ ಮೇಲೆ ತೆರೆದಿತ್ತು, ಒಂದು ಹಾಳೆಯೂ ತಿರುಗಲಿಲ್ಲ. ಪ್ರತಿ ನಿಲ್ದಾಣದಲ್ಲೂ ಹತ್ತುವವರ ಮುಖವನ್ನೆಲ್ಲ ಒಂದೊಂದಾಗಿ ನೋಡಿ, ಬಾಗಿಲು ಮುಚ್ಚಿದ ಮೇಲೆ ಉಸಿರು ಬಿಡುತ್ತಿದ್ದಳು. ಮೂವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ. ನನ್ನ ಅಂಗಿಯ ತುದಿಯನ್ನು ಬೆರಳುಗಳಲ್ಲಿ ಹಿಡಿದುಕೊಂಡಿದ್ದಳು. ಹಿಡಿದಿದ್ದೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಅಷ್ಟು ವರ್ಷ ಇಂಥ ಹೆದರಿಕೆಯನ್ನು ಹೊತ್ತುಕೊಂಡಿದ್ದಳು, ನಾನು ಅದರ ಪಕ್ಕದಲ್ಲಿ ಕೂತು ಕಾಫಿ ಕುಡಿದು ಬರುತ್ತಿದ್ದೆ.

ಇನ್ನು ತಡೆಯಲಾಗಲಿಲ್ಲ. ಇಂಜಿನ್ನಿನ ಸದ್ದಿಗೆ ಕೇಳಿಸಲಿಕ್ಕಿಲ್ಲವೆಂದು ಜೋರಾಗಿಯೇ ಮಾತಾಡಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಅನ್ನಿಸಿತು.

"ಅಮ್ಮಣ್ಣಿ, ಆ ಕ್ಯಾಸೆಟ್ ಹಾಳಾಗ್ಲಿಲ್ಲ. ನಾನೇ ಅಳ್ಸಿದೆ. ಅವ್ನು ಅಂಗಡಿಗೆ ಬಂದಿದ್ದ, ಹೆದ್ರಿಕೊಂಡುಬುಟ್ಟೆ. ನಿಂಗೇನಾಗುತ್ತೋ ಅಂತ ಹೆದ್ರಲಿಲ್ಲ ಕಣವ್ವ, ನನ್ನ ಅಂಗಡಿಗೇನಾಗುತ್ತೋ ಅಂತ ಹೆದ್ರಿದೆ. ತಪ್ಪು ನಂದು. ನನ್ನ ಕ್ಷಮಿಸ್ಬುಡು."