ಸಾಸಿವೆ ಕಾಳಿನಷ್ಟು ನೆಲಗಪ್ಪೆ

ನಾನು ಚಿಕ್ಕವನಿದ್ದಾಗ, ಒಂದು ಶನಿವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ, ಅಕ್ಕ ಮೇಜಿನ ಅಂಚು ಹಿಡಿದುಕೊಂಡು "ಅಮ್ಮಾ, ತುಟಿಯೆಲ್ಲ ಜೋಮು ಹಿಡಿದ ಹಾಗಿದೆ" ಅಂದಳು. ಗೋಡೆ ಗಡಿಯಾರ ನನ್ನೆದುರೇ ಇತ್ತು. ಇವತ್ತಿಗೂ ಯಾವ ಗಡಿಯಾರ ನಾಲ್ಕು ಇಪ್ಪತ್ತು ತೋರಿಸಿದರೂ ಮುಳ್ಳು ಮುಂದೆ ಸರಿಯುವವರೆಗೆ ನಾನು ಅದನ್ನೇ ನೋಡುತ್ತೇನೆ.

ಆಗ ನಾವು ಕಡಲಾಚೆಯ ಈ ದೇಶದಲ್ಲಿ, ಒನೆಹುಂಗಾ ಎಂಬ ಊರಿನ ಒಂದು ಮರದ ಮನೆಯಲ್ಲಿದ್ದೆವು. ಅಪ್ಪ ಮೈಸೂರಿನಲ್ಲಿ ಓದಿದ ಡಾಕ್ಟರು. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಹಿಂದಿನ ವರ್ಷವಷ್ಟೇ ನಮ್ಮನ್ನೆಲ್ಲ ಕರೆತಂದಿದ್ದರು. ಅಕ್ಕನಿಗೂ ನನಗೂ ಈ ದೇಶದ ಮೇಲೆ ಒಂದೇ ದೂರು: ಇಲ್ಲಿ ನೆಲಗಪ್ಪೆ ಇರಲಿಲ್ಲ. ಮೈಸೂರಿನ ಮನೆಯ ಬಚ್ಚಲ ಮೋರಿಯ ಪಕ್ಕ, ಒದ್ದೆ ಇಟ್ಟಿಗೆಯ ತಂಪಿನಲ್ಲಿ, ಗುಳ್ಳೆಗುಳ್ಳೆ ಮೈಯ ದಪ್ಪ ನೆಲಗಪ್ಪೆಯೊಂದು ಕಚೇರಿ ನಡೆಸುವವರಂತೆ ಗಂಟಲು ಉಬ್ಬಿಸಿಕೊಂಡು ಕೂತಿರುತ್ತಿತ್ತು. ಅಕ್ಕ ಅದಕ್ಕೆ 'ಅಮಲ್ದಾರ್ರು' ಎಂದು ಹೆಸರಿಟ್ಟಿದ್ದಳು. ಒನೆಹುಂಗಾದಲ್ಲಿ ಮಳೆ ನಿಂತಾಗಲೆಲ್ಲ ನಾವಿಬ್ಬರೂ ಹಿತ್ತಲಿನ ಕಲ್ಲುಗಳನ್ನು ಎತ್ತೆತ್ತಿ ಹುಡುಕುತ್ತಿದ್ದೆವು. ಬಸವನಹುಳು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ.

ಬೇಲಿಯಾಚೆ ಚೀನಾದಿಂದ ಬಂದಿದ್ದ ಆಂಟಿ, ಅಂಕಲ್ ತರಕಾರಿ ಬೆಳೆಯುತ್ತಿದ್ದರು. ಬೇಲಿಯ ಮೇಲಿಂದ ಈ ಕಡೆಗೆ ಎಳೆ ಬೀನ್ಸ್ ಬರುತ್ತಿತ್ತು, ಆ ಕಡೆಗೆ ಅಮ್ಮನ ಕೋಡುಬಳೆ ಹೋಗುತ್ತಿತ್ತು. ಆಂಟಿಗೂ ಅಮ್ಮನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಕೈಸನ್ನೆಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದರು. ಆ ದಿನ ಅಕ್ಕನ ಗಂಟಲು ಕಟ್ಟಿದ್ದನ್ನು ಕಂಡು ಆಂಟಿ ಪುಟ್ಟ ಬಾಟಲಿಯೊಂದನ್ನು ತಂದರು. ಒಂದೆರಡು ಮಾತ್ರೆ ಅಂಗೈಗೆ ಹಾಕಿ, ಇಷ್ಟೇ ಎಂದು ತೋರಿಸಿ, ಬಾಟಲಿಯನ್ನು ಕೊಟ್ಟು ಹೋದರು. ಕಪ್ಪಗೆ, ಸಾಸಿವೆ ಕಾಳಿನಂತಿದ್ದವು.

"ಇಷ್ಟು ಸಣ್ಣದು ಗಂಟಲು ಮುಟ್ಟುತ್ತೋ ಇಲ್ಲವೋ" ಎಂದು ನಕ್ಕ ಅಮ್ಮ, ಊರಿಂದ ತಂದಿದ್ದ ತೇಯುವ ಕಲ್ಲನ್ನು ತೆಗೆದಳು. ನಮ್ಮ ಮನೆಯಲ್ಲಿ ಬಜೆಯಾಗಲಿ, ಶುಂಠಿಯಾಗಲಿ, ಮಕ್ಕಳಿಗೆ ಜೇನಿನಲ್ಲಿ ತೇದೇ ನೆಕ್ಕಿಸುತ್ತಿದ್ದರು. ಮಾತ್ರೆ ತೇದರೆ ಕಲ್ಲಿಗೆ ಏನೂ ಹತ್ತಿದಂತೆ ಕಾಣಲಿಲ್ಲ. ಅಮ್ಮ ಇನ್ನೊಂದಿಷ್ಟು ಸುರಿದಳು.

"ಕಲ್ಲಲ್ಲಿ ಉಳಿಸಬಾರದು, ಪೂರ್ತಿ ನೆಕ್ಕು."

ಜೇನು ಕಂಡು ನಾನೂ ಬೆರಳು ಚಾಚಿದೆ. "ನಿಂಗಲ್ಲ, ಹೋಗೋ ಜೇನುಕಳ್ಳ" ಎಂದು ಅಕ್ಕ ಕಲ್ಲನ್ನು ತನ್ನತ್ತ ಎಳೆದುಕೊಂಡಳು.

ತುಟಿ ಜೋಮು ಹಿಡಿದ ಮೇಲೆ ಎಲ್ಲವೂ ಬೇಗ ಬೇಗ ಆಯಿತು. ಅಕ್ಕ ವಾಂತಿ ಮಾಡಿಕೊಂಡಳು, ಅವಳ ಹಣೆ ತಣ್ಣಗೆ ಬೆವರಿತು. ಅಪ್ಪ ಅವಳ ಮಣಿಕಟ್ಟು ಹಿಡಿದು ತುಟಿಯಲ್ಲೇ ಎಣಿಸತೊಡಗಿದರು. ನಡುವೆ ಅವರ ತುಟಿ ನಿಲ್ಲುತ್ತಿತ್ತು. ಮುಂದಿನ ಬಡಿತಕ್ಕಾಗಿ ಕಾಯುತ್ತಿದ್ದರು.

"ನಾಡಿ ತಪ್ತಾ ಇದೆ. ಏನು ತಿಂದ್ಲೇ ಇವಳು?"

ಅಮ್ಮ ಕಲ್ಲನ್ನೂ ಬಾಟಲಿಯನ್ನೂ ತಂದಳು. ಬಾಟಲಿಯ ಮೇಲೆಲ್ಲ ಚೀನೀ ಅಕ್ಷರ. ಅಪ್ಪ ಕೂಗಿದ್ದು ಕೇಳಿ ಆಂಟಿ ಕೆಸರು ಮೆತ್ತಿದ ಗಂಬೂಟಿನಲ್ಲೇ ಓಡಿಬಂದರು. ಇದರಲ್ಲಿ ಏನಿದೆ ಎಂದು ಅಪ್ಪ ಕೇಳಿದರೆ ಅವರಿಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಆ ಪ್ರಾಣಿಯೇ ಇಲ್ಲದ ಊರಿನಲ್ಲಿ ಅದರ ಹೆಸರು ಯಾರು ಕಲಿಸಿಯಾರು? ಆಂಟಿ ಅಡುಗೆಮನೆಯ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಕೆನ್ನೆ ಉಬ್ಬಿಸಿದರು. ಕಿವಿಯ ಹಿಂದೆ ಬೆರಳಿಟ್ಟು ಹಿಂಡಿ ತೋರಿಸಿದರು. ಅಪ್ಪನಿಗೆ ಅರ್ಥವಾಗಲಿಲ್ಲ.

ನಾನು ಕಿರುಚಿದೆ: "ಅಪ್ಪಾ, ಅಮಲ್ದಾರ್ರು! ನೆಲಗಪ್ಪೆ!"

ಅಪ್ಪ ಬಿಳಚಿಕೊಂಡರು. ಮರುಕ್ಷಣವೇ ಅಕ್ಕನನ್ನು ಎತ್ತಿಕೊಂಡು ಹೊರಗೆ ಓಡಿದರು. ಅಂಕಲ್ ತರಕಾರಿ ಸಾಗಿಸುವ ಯೂಟ್ ಗಾಡಿ ತಂದರು. ಮುಂದೆ ಅಪ್ಪನ ತೊಡೆಯ ಮೇಲೆ ಅಕ್ಕ. ಹಿಂದೆ, ತೆರೆದ ಭಾಗದಲ್ಲಿ, ಎಲೆಕೋಸುಗಳ ನಡುವೆ ಅಮ್ಮ ಮತ್ತು ನಾನು. ಒದ್ದೆ ಮಣ್ಣಿನ ವಾಸನೆ, ಅಮ್ಮನ ಬೆರಳಿನ ಜೇನಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಆಸ್ಪತ್ರೆಯಲ್ಲಿ ಅಕ್ಕನ ಹೊಟ್ಟೆ ತೊಳೆದು, ಎದೆಗೆ ತಂತಿಗಳನ್ನು ಅಂಟಿಸಿ ಕಾದರು. ಅಪ್ಪ ಆಮೇಲೆ ನನಗೆ ಹೇಳಿದರು: ನೆಲಗಪ್ಪೆಯ ಕಿವಿಯ ಹಿಂದಿನ ಗ್ರಂಥಿಯಿಂದ ಹಾಲಿನಂಥ ವಿಷ ಬರುತ್ತದೆ. ಚೀನಾದ ವೈದ್ಯರು ಅದನ್ನು ಒಣಗಿಸಿ, ಬಲು ಚೂರು ಮಾತ್ರ ಬೇರೆ ಮದ್ದುಗಳೊಂದಿಗೆ ಬೆರೆಸುತ್ತಾರೆ. ಅಳತೆ ಮೀರಿದರೆ ಅದು ಗಂಟಲನ್ನು ಬಿಟ್ಟು ಹೃದಯವನ್ನೇ ಹಿಡಿಯುತ್ತದೆ.

ಅಕ್ಕ ಉಳಿದಳು. ಮನೆಗೆ ಬಂದ ದಿನ ಆಂಟಿ ಬೇಲಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ಅಮ್ಮ ಹೋಗಿ ಅವರ ಎರಡೂ ಕೈ ಹಿಡಿದು ಕನ್ನಡದಲ್ಲೇ ಹೇಳಿದಳು, "ನೀವು ಸರಿಯಾಗೇ ತೋರ್ಸಿದ್ರಿ. ತೇದಿದ್ದು ನಾನು." ಆಂಟಿಗೆ ಏನು ಅರ್ಥವಾಯಿತೋ, ಇಬ್ಬರೂ ಅತ್ತರು.

ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿರಲಿಲ್ಲ. ಅಪ್ಪ ಎದ್ದೆದ್ದು ಬಂದು ಅಕ್ಕನ ಮಣಿಕಟ್ಟು ಹಿಡಿಯುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೇ ಅವರ ತುಟಿಯ ಸದ್ದು ಕೇಳುತ್ತಿದ್ದೆ. ಕೊನೆಗೊಂದು ಭಾನುವಾರ, ಬಿಸಿಲು ಹಾಸಿಗೆಯವರೆಗೂ ಬಂದಿದ್ದಾಗ, ಅಪ್ಪ ಗಾಬರಿಯಿಂದ ಓಡಿಬಂದರು. ರಾತ್ರಿಯಿಡೀ ಅವರಿಗೆ ಎಚ್ಚರವೇ ಆಗಿರಲಿಲ್ಲ. ಅಕ್ಕ ಹೊದಿಕೆಯೊಳಗಿಂದಲೇ "ಬದುಕಿದ್ದೀನಿ ಅಪ್ಪಾ, ಮಲಗಿ ಹೋಗಿ" ಅಂದಳು.

ಈಗ ಮೌಂಟ್ ರಾಸ್ಕಿಲ್‌ನ ಮಗನ ಮನೆಯಲ್ಲಿ, ಮಕ್ಕಳು ತೆರೆಯದಂತೆ ಮಾಡಿದ ಔಷಧಿ ಡಬ್ಬಿಗಳ ಮುಚ್ಚಳ ನನಗೇ ತೆಗೆಯಲು ಬರುವುದಿಲ್ಲ. ಗೊತ್ತಿಲ್ಲದ ಅಕ್ಷರಗಳನ್ನು ಫೋನು ಓದಿ ಹೇಳುತ್ತದೆ. ತೇಯುವ ಕಲ್ಲು ಕಿಟಕಿಯಲ್ಲಿ ಅಂದಕ್ಕೆ ಕೂತಿದೆ. ಮೊನ್ನೆ ಮೊಮ್ಮಗಳಿಗೆ ಗಂಟಲು ನೋವೆಂದಾಗ ನಾನು ಅವಳ ಮಣಿಕಟ್ಟು ಹುಡುಕಿದೆ.

"ತಾತಾ, ಐ ಆಮ್ ಫೈನ್. ಮೈ ವಾಚ್ ಕೌಂಟ್ಸ್ ಇಟ್!"

"ವಾಚು ಎಣಿಸಲಿ ಕಣಮ್ಮ. ನಾನೂ ಎಣಿಸ್ತೀನಿ."

ಅವಳು ಕಾರ್ಟೂನಿನಿಂದ ಕಣ್ಣು ತೆಗೆಯದೆ, ವಾಚಿಲ್ಲದ ಇನ್ನೊಂದು ಕೈಯನ್ನು ನನ್ನ ತೊಡೆಯ ಮೇಲಿಟ್ಟಳು.