ಮಂಡಕ್ಕಿ ಕಚ್ಚಿ ಮಳೆ ಹೇಳುವವನು

ಹೊನ್ನಾಳಿಯ ಶಾಮಿಯಾನ ಗುರುಬಸವರಾಜ್ ಕೇದಾರನಾಥದ ದಾರಿಯಲ್ಲಿ, ಲಿಂಚೋಲಿಗಿಂತ ಸ್ವಲ್ಪ ಕೆಳಗೆ, ಒಂದು ಚಹಾದ ಗುಡಾರದಲ್ಲಿ ಸತ್ತ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಮರುದಿನವೂ ಮಳೆ ಬಿಡದ ಕಾರಣ ಹೆಲಿಕಾಪ್ಟರ್ ಹಾರಲಿಲ್ಲ. ಹೆಣವನ್ನು ಕೂಲಿಯವರು ಹೆಗಲ ಮೇಲೆ ಹೊತ್ತು ಇಳಿಸಿದರು.

ಅವನು ಊರು ಮುಟ್ಟುವ ಮೊದಲೇ ಅವನ ಫ್ಲೆಕ್ಸ್ ಊರು ಮುಟ್ಟಿತ್ತು. ‘ಕೇದಾರನ ಸನ್ನಿಧಿಯಲ್ಲಿ ಶಿವೈಕ್ಯರಾದ ಪುಣ್ಯಾತ್ಮ’ ಎಂದು ಬಸ್‌ಸ್ಟ್ಯಾಂಡಿನ ಎದುರು ಎತ್ತರಕ್ಕೆ ನಿಲ್ಲಿಸಿದ್ದರು. ಕೆಳಗೆ ಸಾಲಾಗಿ ಕೈಮುಗಿದ ಮುಖಂಡರು, ಅವರಲ್ಲಿ ಮೂವರು ನಗುತ್ತಿದ್ದರು. ಚುನಾವಣೆಗೆ ತೆಗೆಸಿದ್ದ ಫೋಟೋ ಇರಬೇಕು, ಸಾವಿಗೂ ಅದೇ ಸಾಕು. ಹಿಂದೆ ಬಿಳಿ ಪರ್ವತ, ಅದರ ಮೇಲೆ ಒಂದು ಚೂರೂ ಮೋಡವಿಲ್ಲದ ನೀಲಿ ಆಕಾಶ. ಗೆಳೆಯನ ಶಿವಗಣಾರಾಧನೆಗೆಂದು ಜಗಳೂರಿನಿಂದ ಬಂದಿಳಿದ ಸಣ್ಣಪ್ಪ ಅದರ ಮುಂದೆ ಬಹಳ ಹೊತ್ತು ನಿಂತ. ಬದುಕಿದ್ದಾಗ ಈ ಊರಲ್ಲಿ ಯಾರೂ ನಂಬದ ಗೆಳೆಯನ ‘ಮಳೆ ಇಲ್ಲ’ ಎಂಬ ಹವಾಮಾನವನ್ನು ಸತ್ತ ಮೇಲಾದರೂ ಒಬ್ಬ ಫ್ಲೆಕ್ಸ್ ಅಂಗಡಿಯವನು ನಂಬಿದ್ದ.

ಶಿವಗಣಾರಾಧನೆಯ ದಿನ ಮನೆ ಮುಂದೆ ಪೆಂಡಾಲ್ ಹಾಕಲು ನ್ಯಾಮತಿಯಿಂದ ಜನ ಬಂದರು. ಸತ್ತವನ ಶಾಮಿಯಾನ ಅಂಗಡಿಯ ಬೀಗ ತೆಗೆಯಲು ಮನೆಯವರಿಗೆ ಮನಸ್ಸಾಗಲಿಲ್ಲವಂತೆ. ಮಧ್ಯಾಹ್ನ ಒಂದು ಹದವಾದ ಮಳೆ ಬಂದು ಆ ಪೆಂಡಾಲೂ ಸೋರಿತು. ಎಲೆ ಮುಂದೆ ಕೂತವರು ‘ಕೇದಾರೇಶ್ವರನ ತೀರ್ಥ’ ಎಂದು ಕಣ್ಣಿಗೊತ್ತಿಕೊಂಡರು. ಇದೇ ಜನ, ಇದೇ ಮಳೆ, ಗುರುಬಸವರಾಜನ ಪೆಂಡಾಲಿನಲ್ಲಿ ಸೋರಿದ್ದರೆ ಅವನ ಏಳು ತಲೆಮಾರನ್ನು ಎಳೆದು ತರುತ್ತಿದ್ದರು.

ಊಟ ಮುಗಿದ ಮೇಲೆ ಗುರುಬಸವರಾಜನ ಹೆಂಡತಿ ಶಿವಲೀಲಾ, ಕೇದಾರದ ದಾರಿಯಲ್ಲಿ ಅವನ ಜೊತೆಗಿದ್ದ ಸಣ್ಣಪ್ಪನನ್ನು ಒಳಗೆ ಕರೆದಳು.

“ಸಣ್ಣಪ್ಪಣ್ಣ, ಎಲ್ಲಾರೂ ಹೇಳ್ತಾರೆ, ಕೊನೇಗೆ ಪಂಚಾಕ್ಷರಿ ಜಪ ಮಾಡ್ತಾ ಹೋದ್ರು ಅಂತ. ಹೌದೇನು?”

ಸಣ್ಣಪ್ಪ ಗೋಡೆ ನೋಡಿದ.

“ನನ್ ಮುಖ ನೋಡಿ ಹೇಳ್ರಿ. ನಲವತ್ತು ವರ್ಷ ಸಂಸಾರ ಮಾಡೀನಿ. ಪೂಜೆಗೆ ಕುಂತ್ರೆ ಕಿಟಕಿಯಾಗೆ ಮೋಡ ನೋಡೋ ಮನುಷ್ಯ ಅದು. ಕೊನೇಗೆ ಏನು ಮಾಡಿದ್ರು, ಅದನ್ನ ಹೇಳ್ರಿ.”

ಸಣ್ಣಪ್ಪ ತಾಲೂಕು ಗ್ರಂಥಾಲಯದಲ್ಲಿ ದುಡಿದು ನಿವೃತ್ತನಾದವನು. ಮಹಾತ್ಮರ ಕೊನೆಯ ಮಾತುಗಳನ್ನು ಬೇಕಾದಷ್ಟು ಓದಿದ್ದ, ಅವುಗಳಲ್ಲಿ ಒಂದನ್ನು ಎತ್ತಿ ಇಲ್ಲಿ ಇಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಕೇಳುತ್ತಿದ್ದವಳು ಶಿವಲೀಲಾ. ಅವನು ಮಂಡಕ್ಕಿಯಿಂದ ಶುರು ಮಾಡಬೇಕಾಯಿತು.

ಗುರುಬಸವರಾಜ್ ಮಂಡಕ್ಕಿ ಕಚ್ಚಿ ಮಳೆ ಹೇಳುತ್ತಿದ್ದ. ಬೆಳಗ್ಗೆ ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಗೆ ಬಂದು, ಒಂದೇ ಒಂದು ಮಂಡಕ್ಕಿ ಕಾಳನ್ನು ಮುಂದಿನ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ ಕಚ್ಚುತ್ತಿದ್ದ. ಗರುಂ ಎಂದರೆ ಮಳೆ ಇಲ್ಲ. ಮೆತ್ತಗೆ ಹಲ್ಲಿಗೆ ಅಂಟಿದರೆ ಗಾಳಿಯಲ್ಲಿ ನೀರಿದೆ, ಮಳೆ ಬರುತ್ತದೆ. ತತ್ತ್ವದಲ್ಲಿ ತಪ್ಪಿರಲಿಲ್ಲ. ಅಂಗಡಿಯವನು ಮಂಡಕ್ಕಿಯನ್ನು ಬಿಗಿ ಮುಚ್ಚಳದ ದೊಡ್ಡ ಡಬ್ಬದಲ್ಲಿ ಇಡುತ್ತಿದ್ದ, ಅಷ್ಟೇ. ಹೊರಗೆ ತುಂಗಭದ್ರೆ ಸೇತುವೆ ಮುಟ್ಟುತ್ತಿದ್ದರೂ ಡಬ್ಬದೊಳಗಿನ ಮಂಡಕ್ಕಿ ಗರುಂ ಎನ್ನುತ್ತಿತ್ತು. ಹೀಗಾಗಿ ಗುರುಬಸವರಾಜನ ಶಾಸ್ತ್ರದಲ್ಲಿ ಮಳೆ ಎಂಬುದೇ ಇರಲಿಲ್ಲ.

ಇದರಿಂದ ಜಗಳೂರು ಕಡೆ ಅವನಿಗೆ ದೊಡ್ಡ ಹೆಸರು. ಅಲ್ಲಿ ಯಾರದೇ ಮದುವೆಗೆ ಶಾಮಿಯಾನ ಹಾಕಿದರೂ “ಮಳೆ ಬರಲ್ಲ, ಬರೀ ಬಟ್ಟೆ ಸಾಕು” ಎನ್ನುತ್ತಿದ್ದ, ಬರುತ್ತಿರಲಿಲ್ಲ. ಬರದ ಸೀಮೆ ಜಗಳೂರಿನಲ್ಲಿ ಮಳೆ ಬರಲ್ಲ ಅನ್ನಲು ಮಂಡಕ್ಕಿ ಯಾಕೆ ಬೇಕು, ಬೆಣಚುಕಲ್ಲು ಕಚ್ಚಿ ಹೇಳಿದರೂ ನಡೆಯುತ್ತದೆ. ಮಲೆನಾಡಿಗೆ ತಾಗಿದ ನ್ಯಾಮತಿ ಕಡೆ ಮಾತ್ರ ಅವನು ಬಾಯಿ ತೆರೆದರೆ ಜನ ಕೊಡೆ ತೆರೆಯುತ್ತಿದ್ದರು. ಒಬ್ಬನೇ ಮನುಷ್ಯ, ಒಂದೇ ಮಂಡಕ್ಕಿ, ಬಸ್ಸು ಪೂರ್ವಕ್ಕೆ ಹೋದರೆ ತ್ರಿಕಾಲಜ್ಞಾನಿ, ಪಶ್ಚಿಮಕ್ಕೆ ಹೋದರೆ ನಗೆಪಾಟಲು.

ಸಣ್ಣಪ್ಪನ ದುರದೃಷ್ಟಕ್ಕೆ ಅವನ ಮಗಳು ಅನ್ನಪೂರ್ಣಳ ಮದುವೆ ನಡೆದದ್ದು ನ್ಯಾಮತಿಯಲ್ಲಿ. ಧಾರೆ ಮುಗಿದು ಊಟದ ಹೊತ್ತಿಗೆ ಶಾಮಿಯಾನದ ಹೊಟ್ಟೆ ಕೆಳಗಿಳಿದು, ಹರಿದು, ಬೀಗರ ಎಲೆಯ ಪಾಯಸದ ಮೇಲೆ ನೀರು ಸುರಿಯಿತು. ಹಿಮ್ಮಡಿ ಮುಳುಗುವ ನೀರಿನಲ್ಲಿ ನಿಂತು ಗುರುಬಸವರಾಜ್ ಹೇಳಿದ್ದು ಇಷ್ಟು: “ಇದು ಮಳೆ ಅಲ್ಲ, ಹನಿ.”

ಆವತ್ತಿನಿಂದ ಸಣ್ಣಪ್ಪನಿಗೆ ಬದುಕಿನಲ್ಲಿ ಒಂದೇ ಆಸೆ ಉಳಿಯಿತು. ಈ ಮನುಷ್ಯನ ಬಾಯಿಂದ ಒಮ್ಮೆ, ಒಂದೇ ಒಮ್ಮೆ, “ಇದು ಮಳೆ” ಎಂಬ ಮಾತು ಕೇಳಬೇಕು. ಕೇದಾರಕ್ಕೆ ಹೊರಟದ್ದೂ ಅರ್ಧ ಅದಕ್ಕಾಗಿಯೇ. ಆ ಬೆಟ್ಟದ ಹವಾ ಗಳಿಗೆಗೊಂದು ಬಣ್ಣ ತೋರಿಸುತ್ತದೆ ಎಂದು ಅವನು ಓದಿದ್ದ. ಗುರುಬಸವರಾಜನಿಗೆ ಅದು ಹರಕೆ. ಹುಡುಗನಾಗಿದ್ದಾಗಿನಿಂದ ಕೇದಾರದ ಶಿಖರ ನೋಡಬೇಕು ಅನ್ನುತ್ತಿದ್ದ. ಶಿವಲೀಲಾಗೆ ಮಂಡಿನೋವು, ಆಕೆ ಬರಲಿಲ್ಲ. ಬದಲಿಗೆ ಖಾರ ಮಂಡಕ್ಕಿ ಮಾಡಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಒಂದರೊಳಗೊಂದು ಹಾಕಿ ಬಿಗಿದು ಕೊಟ್ಟಳು. ಜೊತೆಗೊಂದು ಕೊಡೆ. ಕೊಡೆಯನ್ನು ಅವನು ಬಾಗಿಲಲ್ಲೇ ಒರಗಿಸಿ ಬಂದ.

ಬೆಟ್ಟದ ದಾರಿ ಶುರುವಾಗುವ ಗೌರಿಕುಂಡದಲ್ಲಿ ಬೆಳಗ್ಗೆ ಎಳೆ ಬಿಸಿಲು. ಚನ್ನಗಿರಿಯಿಂದ ಯಾತ್ರೆ ಹೊರಡಿಸಿದ್ದ ಪ್ರವೀಣ್ ಕುಮಾರ್ ಎಲ್ಲರನ್ನೂ ರೈನ್‌ಕೋಟ್ ಮಾರುವವರ ಮುಂದೆ ನಿಲ್ಲಿಸಿದ.

“ತಗೊಳ್ರಿ ಸಾರ್. ಮ್ಯಾಲೆ ಹವಾ ನಮ್ ಮಾತು ಕೇಳಲ್ಲ.”

ಗುರುಬಸವರಾಜ್ ಕವರಿನ ಗಂಟು ಬಿಚ್ಚಿ ಒಂದು ಕಾಳು ಕಚ್ಚಿದ. ಗರುಂ.

“ಒಣ ಹವಾ ಐತೆ ಕಣಪ್ಪ. ಈ ಪ್ಲಾಸ್ಟಿಕ್ ಹಾಕ್ಕೊಂಡು ಶಿವನ ಮುಂದೆ ಬಣವೆ ನಿಂತಂಗೆ ನಿಲ್ಲಾಕೆ ನನ್ ಕೈಲಾಗಲ್ಲ.”

“ನೀವು ಸಾರ್?” ಎಂದ ಪ್ರವೀಣ್, ಸಣ್ಣಪ್ಪನ ಕಡೆ ತಿರುಗಿ.

“ನನಗೂ ಬ್ಯಾಡ. ಮ್ಯಾಲೆ ತೊಯ್ದು ತೊಪ್ಪೆ ಆದಾಗ ಇವನ ಮುಖ ನೋಡಬೇಕು. ತಲೆ ಮ್ಯಾಲೆ ಟೋಪಿ ಇದ್ರೆ ಸರಿಯಾಗಿ ಕಾಣಲ್ಲ.”

ಗ್ರಂಥಾಲಯದ ಪುಸ್ತಕಗಳೆಲ್ಲ ಸೇರಿ ಆ ಮನುಷ್ಯನಿಗೆ ಕಲಿಸಿದ ವಿವೇಕ ಇಷ್ಟು.

ನಮ್ಮ ಕಡೆ ಮಳೆಗೆ ಒಂದು ಮರ್ಯಾದೆ ಇದೆ. ಮೊದಲು ಗಾಳಿ ಬೀಸುತ್ತದೆ, ಧೂಳೇಳುತ್ತದೆ, ಒಣಹಾಕಿದ ಬಟ್ಟೆ ತೆಗೆಯಲು ಹೆಂಗಸರಿಗೆ ಪುರುಸೊತ್ತು ಕೊಡುತ್ತದೆ. ಆ ಬೆಟ್ಟದಲ್ಲಿ ಅಂಥದ್ದೇನೂ ಇಲ್ಲ. ಒಂದು ತಿರುವಿನಲ್ಲಿ ಬಿಸಿಲು, ಮುಂದಿನ ತಿರುವಿನಲ್ಲಿ ಎದುರಿನ ಕುದುರೆ ಕಾಣದಷ್ಟು ಮಂಜು. ಬೆವರು ಒರೆಸಲು ಟವೆಲ್ ತೆಗೆದರೆ ಅದರಲ್ಲೇ ಕಿವಿ ಕಟ್ಟಬೇಕು. ಲಿಂಚೋಲಿ ದಾಟುವ ಹೊತ್ತಿಗೆ ನೀರು ಶುರುವಾಯಿತು.

“ಲೇ ಬಸ್ಯಾ, ತಲೆ ಮ್ಯಾಲೆ ಬೀಳ್ತಿರೋದು ಏನಲೇ?” ಎಂದ ಸಣ್ಣಪ್ಪ.

“ಮಂಜು.”

“ಮಂಜು ಟಪಟಪ ಅಂತೈತಾ?”

“ಗುಡ್ಡದ ಮಂಜು. ಸ್ವಲ್ಪ ದಪ್ಪ ಇರ್ತೈತೆ.”

ಆಮೇಲೆ ಆಲಿಕಲ್ಲು ಬಿತ್ತು. ಸಣ್ಣಪ್ಪನ ಬೋಳುತಲೆಯ ಮೇಲೆ ಒಂದು ಪುಟಿದು ಗುರುಬಸವರಾಜನ ಎದೆಗೆ ಬಡಿಯಿತು.

“ಇದು?”

“ಅದೇ ಮಂಜು. ಗಟ್ಟಿಯಾಗೈತೆ.”

ನಗಲು ಹೋದ ಸಣ್ಣಪ್ಪನಿಗೆ ಉಸಿರು ಸಿಗಲಿಲ್ಲ. ಮೊದಲೇ ದಮ್ಮಿನ ಎದೆ, ಮೇಲೆ ಗಾಳಿಯೇ ತೆಳು, ಮೈಯೆಲ್ಲ ಒದ್ದೆ. ಒಂದು ಬಂಡೆಯ ಮೇಲೆ ಕುಸಿದು ಕೂತ. ತುಟಿ ನೇರಳೆ ಹಣ್ಣು ತಿಂದವನಂತೆ ಆಗಿತ್ತು. ಹಿಂದಿನಿಂದ ಬಂದ ಪ್ರವೀಣ್ ಕುಮಾರ್ ಅದನ್ನು ನೋಡಿ ಗಾಬರಿಯಾದ.

“ಸಾರ್, ಕೆಳಗೆ ಇಳೀರಿ. ಉಸಿರು ಹಿಂಗಾದ್ರೆ ಇನ್ನೊಂದು ಮಾರು ಮ್ಯಾಲೆ ಹೋಗಬಾರದು, ಜೀವಕ್ಕೆ ಅಪಾಯ.”

“ಇವನು... ಮಳೆ ಅನ್ನಲಿ... ಇಳೀತೀನಿ.”

“ಏನ್ ಸಾರ್ ಇದು, ಹುಡುಗಾಟನಾ?”

“ಅನ್ನಲಿ.”

ಪ್ರವೀಣ್ ಗುರುಬಸವರಾಜನ ಕೈ ಹಿಡಿದ. “ನೀವು ನಮ್ ಜೊತೆ ಬರ್ರಿ. ಇನ್ನೇನು, ಮುಟ್ಟಿದಂಗೆ. ಇವರನ್ನ ಯಾರಾದ್ರೂ ಕೂಲಿಯವರ ಬೆನ್ನ ಮ್ಯಾಲೆ ಇಳಿಸ್ತೀನಿ.”

ಗುರುಬಸವರಾಜ್ ಮೇಲಕ್ಕೆ ನೋಡಿದ. ಅಲ್ಲಿ ಮಂಜಿನ ಹಿಂದೆ, ಬಾಲ್ಯದಿಂದ ನೋಡಬೇಕೆಂದುಕೊಂಡ ಶಿಖರ ಇತ್ತು. ಕೆಳಗೆ ನೋಡಿದ. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಕೂತ ಗೆಳೆಯ ಇದ್ದ, ಹಟ ಮಾಡುವ ಮಗುವಿನಂತೆ ತಲೆ ಅಲ್ಲಾಡಿಸುತ್ತ. ತನ್ನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಗುರುಬಸವರಾಜ್ ಒರೆಸಿಕೊಳ್ಳಲಿಲ್ಲ. ಒರೆಸಿದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಕವರು ತೆಗೆದ. ಒಂದು ಮುಷ್ಟಿ ಮಂಡಕ್ಕಿ ಹಿಡಿದು ಅಂಗೈಯನ್ನು ಆಕಾಶಕ್ಕೆ ಚಾಚಿ ನಿಂತ. ಕುದುರೆಯವನೊಬ್ಬ ನಿಂತು ನೋಡಿ, ದೇವರಿಗೆ ನೈವೇದ್ಯ ಅಂದುಕೊಂಡನೋ ಏನೋ, ಕೈಮುಗಿದು ಹೋದ. ಮಂಡಕ್ಕಿ ಕುಗ್ಗಿ ಅಂಗೈಗೆ ಅಂಟಿತು. ಅದನ್ನು ತೆಗೆದು ಸಣ್ಣಪ್ಪನ ಬಾಯಿಗೆ ಇಟ್ಟ.

“ಕಡಿ. ಹೆಂಗೈತೆ?”

“ಮೆತ್ತಗೆ.”

“ಅಂದ್ಮೇಲೆ ಮಳೆನೇ. ಏಳು.”

“ತಪ್ಪಾಯ್ತು ಅನ್ನು.”

“ಮಂಡಕ್ಕಿ ತಪ್ಪು ಹೇಳಲ್ಲಲೇ. ತಪ್ಪು ಕವರಿಂದು. ನಮ್ಮಾಕೆ ಬಿಗಿಯಾಗಿ ಕಟ್ಟಿದ್ಲು.”

ಸಣ್ಣಪ್ಪನ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು, ಕೇದಾರಕ್ಕೆ ಬೆನ್ನು ಮಾಡಿ ಇಳಿಯತೊಡಗಿದ. ಸಣ್ಣಪ್ಪನ ಭಾರ ಸಣ್ಣದಲ್ಲ. ದಾರಿಯ ಕಲ್ಲು ಜಾರುತ್ತಿತ್ತು. ಜಾರಿದಾಗಲೆಲ್ಲ ಗುರುಬಸವರಾಜ್ ಶಿವನನ್ನು ಕರೆಯಲಿಲ್ಲ, ಸಣ್ಣಪ್ಪನ ಅಪ್ಪನನ್ನು ಕರೆದ. ಪಂಚಾಕ್ಷರಿ ಎಂದು ಊರವರು ಹೇಳುತ್ತಿರುವುದು ಇದನ್ನೇ ಇರಬೇಕು.

ಲಿಂಚೋಲಿ ದಾಟಿ ಇನ್ನೂ ಕೆಳಗಿಳಿದ ಮೇಲೆ ಆ ಚಹಾದ ಗುಡಾರ ಸಿಕ್ಕಿತು. ಸಣ್ಣಪ್ಪನನ್ನು ಒಲೆಯ ಹತ್ತಿರ ಕೂರಿಸಿ, ಗುರುಬಸವರಾಜ್ ತಲೆ ಎತ್ತಿದ. ಮೇಲಿನ ಟಾರ್ಪಾಲು ನೀರು ತುಂಬಿ ಎಮ್ಮೆ ಹೊಟ್ಟೆಯಂತೆ ಜೋತುಬಿದ್ದಿತ್ತು. ಅವನ ಮೈ ಉರಿದುಹೋಯಿತು.

“ಯಾವ ನನ್ಮಗ ಕಟ್ಟಿದ್ದು ಇದನ್ನ? ಇಳಿಜಾರು ಬ್ಯಾಡ್ವಾ? ನೀರು ಎಲ್ಲಿಗೆ ಹೋಗಬೇಕು, ನಿನ್ ಪಾತ್ರೆಗಾ?”

ಆ ಬೆಟ್ಟದ ಚಹಾದವನಿಗೆ ಕನ್ನಡ ಬರುತ್ತಿರಲಿಲ್ಲ. ಬೈಗುಳಕ್ಕೆ ಭಾಷೆ ಬೇಕಿಲ್ಲ, ಹಲ್ಲು ಕಿರಿದು ಪಕ್ಕಕ್ಕೆ ಸರಿದ.

“ಕುಂತ್ಕೊಳಲೇ ಬಸ್ಯಾ, ಚಾ ಕುಡಿ,” ಎಂದ ಸಣ್ಣಪ್ಪ. ಅವನಿಗೆ ಅಷ್ಟು ಹೊತ್ತಿಗೆ ಉಸಿರು ಹಿಡಿತಕ್ಕೆ ಬಂದು ತುಟಿಗೆ ಬಣ್ಣ ಬರುತ್ತಿತ್ತು.

“ತಡಿಯಲೇ. ಇದರ ಕೆಳಗೆ ಕುಂತ್ರೆ ನನ್ ಮಾನ ಹೋಗ್ತೈತೆ.”

ಕೋಲಿನಿಂದ ಹೊಟ್ಟೆಯನ್ನು ಎತ್ತಿ ನೀರು ಚೆಲ್ಲಿದ. ಹೊರಗೆ ಹೋಗಿ, ಮಳೆಯಲ್ಲಿ ನಿಂತು, ಒಂದು ಮೂಲೆಯ ಹಗ್ಗ ಬಿಚ್ಚಿ, ತಗ್ಗಿಸಿ, ಜಗ್ಗಿ ಎಳೆದು ಮತ್ತೆ ಕಟ್ಟಿದ. ನೀರು ಸರಾಗವಾಗಿ ಹಿಂದಿನ ಕಣಿವೆಗೆ ಇಳಿಯತೊಡಗಿತು. ಅವನ ಬದುಕಿನಲ್ಲಿ ಮಳೆಗೆ ಸೋರದ ಪೆಂಡಾಲ್ ಅದೊಂದೇ ಎಂದು ಸಣ್ಣಪ್ಪ ಹೇಳಬೇಕೆಂದಿದ್ದ. ಚಹಾ ಮುಗಿಸಿ ಹೇಳಿದರಾಯಿತು ಎಂದುಕೊಂಡ.

ಒಳಗೆ ಬಂದ ಗುರುಬಸವರಾಜ್ ಪಕ್ಕದಲ್ಲಿ ಕೂತ. ಎಡಗಡೆ ಎದೆ ಉಜ್ಜಿಕೊಂಡ.

“ಏನಾಯ್ತಲೇ?”

“ಹಗ್ಗ ಎಳೆದ್ನಲ್ಲ, ಹಿಡಕೊಂಡೈತೆ.”

ಚಹಾದ ಲೋಟವನ್ನು ಮುಟ್ಟದೆ, ಕವರಿನ ಆಳಕ್ಕೆ ಕೈ ಹಾಕಿ ಒಂದು ಕಾಳು ತೆಗೆದ. ಮುಂದಿನ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ ಕಚ್ಚಿದ. ಹೊರಗಿನ ಮಳೆಯ ಸದ್ದಿನಲ್ಲೂ ಸಣ್ಣಪ್ಪನಿಗೆ ಅದು ಕೇಳಿಸಿತು.

“ನಾಳೆ ಒಣ ಹವಾ,” ಎಂದ. “ಬೆಳಗ್ಗೆ ಹತ್ತಾನ, ಇಬ್ರೂ.”

ಕವರಿನ ಬಾಯನ್ನು ತಿರುಚಿ, ಗಾಳಿಯಾಡದಂತೆ ಎರಡು ಗಂಟು ಹಾಕಿ ಬಿಗಿದು, ಸಣ್ಣಪ್ಪನ ಮಡಿಲಲ್ಲಿಟ್ಟ.